ಥೀಸಿಸ್‌ನಲ್ಲಿ ಆಕರ ತೋರಿಸುವುದು ಹೇಗೆ? ನೋಟ್ಸ್ ಮಾಡುವಾಗಲೇ ಶುರು ಮಾಡಿ

ಥೀಸಿಸ್ ಬರೆಯುವವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದೇ: ಬೇರೆಯವರ ಬರಹದ ಜೊತೆ ಎಷ್ಟು ಪರ್ಸೆಂಟ್ ತನಕ ಹೋಲಿಕೆ ಇದ್ದರೆ ಪರವಾಗಿಲ್ಲ? ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮದಲ್ಲಿ ಇದಕ್ಕೆ ಉತ್ತರ ಇದೆ. ಸಾಫ್ಟ್‌ವೇರ್ ಹಿಡಿಯುವ ಹೋಲಿಕೆ ಶೇ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 10 ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಹೆಚ್ಚೆಂದರೆ 6 ತಿಂಗಳು. 40 ದಾಟಿದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಆದರೆ ಈ ಲೆಕ್ಕ ಬರುವುದು ಎಲ್ಲ ಮುಗಿದ ಮೇಲೆ. ಎಡವಟ್ಟು ಆಗುವುದು ತಿಂಗಳುಗಟ್ಟಲೆ ಮುಂಚೆ, ಲೈಬ್ರರಿಯಲ್ಲಿ ಕೂತು ಗಡಿಬಿಡಿಯಲ್ಲಿ ನೋಟ್ಸ್ ಮಾಡುವಾಗ. ನೀವು ಕೆರೆಗಳ ಬಗ್ಗೆ ಬರೆಯುತ್ತಿದ್ದೀರಿ ಅಂತಿಟ್ಟುಕೊಳ್ಳಿ, ಅಲ್ಲಿಂದಲೇ ನೋಡೋಣ.

ನೋಟ್ಸ್‌ನಲ್ಲಿ ಮೂರು ಗುರುತು

ಪುಸ್ತಕ ತೆರೆದ ಕೂಡಲೇ ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ಊರು, ಮುದ್ರಣದ ವರ್ಷ ಬರೆದುಕೊಳ್ಳಿ. ಎಷ್ಟನೇ ಮುದ್ರಣ ಅನ್ನುವುದನ್ನೂ ಬಿಡಬೇಡಿ, ಯಾಕೆಂದರೆ ಮರುಮುದ್ರಣದಲ್ಲಿ ಪುಟಸಂಖ್ಯೆ ಬದಲಾಗಿರಬಹುದು. ಆಮೇಲೆ ಬರೆದುಕೊಳ್ಳುವ ಪ್ರತಿ ಟಿಪ್ಪಣಿಯ ಪಕ್ಕ ಪುಟಸಂಖ್ಯೆ ಇರಲಿ. ಅದರ ಜೊತೆಗೆ ಒಂದು ಗುರುತು: ಇದ್ದ ಹಾಗೇ ಇಳಿಸಿಕೊಂಡದ್ದಕ್ಕೆ ‘ಉ’, ಅವರ ವಿಚಾರವನ್ನು ನಿಮ್ಮ ಮಾತಲ್ಲಿ ಬರೆದದ್ದಕ್ಕೆ ‘ಸಾ’, ಓದುವಾಗ ನಿಮಗೇ ಹೊಳೆದದ್ದಕ್ಕೆ ‘ನಾ’. ಆರು ತಿಂಗಳ ನಂತರ ಆ ಪುಟ ತೆರೆದಾಗ ಯಾವುದು ಯಾರದು ಅಂತ ನಿಮಗೇ ನೆನಪಿರುವುದಿಲ್ಲ. ಕದಿಯುವ ಉದ್ದೇಶವೇ ಇಲ್ಲದ ಎಷ್ಟೋ ಮಕ್ಕಳು ಸಿಕ್ಕಿಬೀಳುವುದು ಇಲ್ಲಿಯೇ.

ಪದ ಬದಲಾಯಿಸಿದರೆ ಸಾಲದು

ಒಂದು ಮಾದರಿ ವಾಕ್ಯ ನಾನೇ ಬರೆದಿದ್ದೇನೆ, ಇದು ನಿಮ್ಮ ಆಕರದಲ್ಲಿದೆ ಅಂದುಕೊಳ್ಳಿ: ‘ನೀರು ಹಂಚುವ ನೀರಗಂಟಿಗೆ ಊರಿನವರು ಸುಗ್ಗಿಯಲ್ಲಿ ಧಾನ್ಯ ಕೊಡುತ್ತಿದ್ದರು, ಪಂಪ್‌ಸೆಟ್ ಬಂದ ಮೇಲೆ ಆ ಕೊಡುಗೆ ನಿಂತಿತು, ನೀರಗಂಟಿಯ ಕೆಲಸವೂ ನಿಂತಿತು.’

ಇದನ್ನು ಹೀಗೆ ಮಾಡುವವರು ಜಾಸ್ತಿ: ‘ನೀರನ್ನು ಹಂಚುತ್ತಿದ್ದ ನೀರಗಂಟಿಗೆ ಗ್ರಾಮಸ್ಥರು ಕೊಯ್ಲಿನ ವೇಳೆ ಕಾಳು ನೀಡುತ್ತಿದ್ದರು, ಪಂಪ್‌ಸೆಟ್ ಬಂದ ನಂತರ ಅದು ನಿಂತುಹೋಗಿ ಅವನ ಕೆಲಸವೂ ನಿಂತುಹೋಯಿತು.’ ಪದಗಳು ಬದಲಾಗಿವೆ, ವಾಕ್ಯದ ನಡಿಗೆ ಹಾಗೇ ಉಳಿದಿದೆ. ಲೇಖಕರ ಹೆಸರೂ ಇಲ್ಲ. ಇದು ಕೃತಿಚೌರ್ಯವೇ.

ಸರಿಯಾದ ದಾರಿ ಇದು. ಪುಸ್ತಕ ಮುಚ್ಚಿಡಿ, ವಿಷಯ ಏನು ಅಂತ ಗೆಳೆಯರಿಗೆ ಹೇಳುವ ಹಾಗೆ ಬರೆಯಿರಿ, ನಿಮ್ಮ ವಾದಕ್ಕೆ ಅದು ಯಾಕೆ ಬೇಕು ಅನ್ನುವುದನ್ನೂ ಸೇರಿಸಿ: ‘ನೀರಗಂಟಿ ಪದ್ಧತಿ ಮರೆಯಾಗಲು ಪಂಪ್‌ಸೆಟ್ ಕಾರಣ ಎಂದು ಇಂಥವರು ವಾದಿಸುತ್ತಾರೆ (ಲೇಖಕರ ಹೆಸರು, ವರ್ಷ, ಪುಟ). ಈ ವಾದ ಪಂಪ್‌ಸೆಟ್ ಬಾರದ ಊರುಗಳಿಗೂ ಹೊಂದುತ್ತದೆಯೇ ಎಂಬುದನ್ನು ಈ ಅಧ್ಯಾಯ ನೋಡುತ್ತದೆ.’ ಎರಡನೇ ವಾಕ್ಯ ಪೂರ್ತಿ ನಿಮ್ಮದು. ಸಂಶೋಧನೆ ಶುರುವಾಗುವುದು ಆ ವಾಕ್ಯದಿಂದ. ಲೇಖಕರ ಮಾತೇ ಬೇಕು ಅನಿಸಿದರೆ ಉದ್ಧರಣ ಚಿಹ್ನೆ ಹಾಕಿ, ಪುಟ ಕೊಡಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಲೇಬೇಕು. ಇಂಗ್ಲಿಷ್ ಲೇಖನ ಓದಿ ಪ್ಯಾರಾಗಟ್ಟಲೆ ಕನ್ನಡಕ್ಕೆ ತಂದು ಸುಮ್ನೆ ತಮ್ಮದೆಂದು ಸೇರಿಸುವವರಿದ್ದಾರೆ. ಸಾಫ್ಟ್‌ವೇರ್ ಹಿಡಿಯುವುದಿಲ್ಲ ಅನ್ನುವ ಧೈರ್ಯ. ಹಿಡಿಯಲಿ ಬಿಡಲಿ, ಆ ವಿಚಾರಕ್ಕೆ ದುಡಿದವರು ಬೇರೆಯವರು ಅಲ್ವಾ? ಅನುವಾದ ಮಾಡಿದರೆ ‘ಅನುವಾದ ನನ್ನದು’ ಎಂದು ಬರೆದು ಮೂಲದ ಪುಟ ಕೊಡಿ. ಹೀಗೆ ಮಾಡಿದರೆ ಓದುವವರಿಗೆ ನಿಮ್ಮ ಮೇಲೆ ಗೌರವ ಹೆಚ್ಚುತ್ತದೆ.

ಮೂಲದ ತನಕ ಹೋಗಿ

ದೇಶದಲ್ಲಿ 24,24,540 ಜಲಮೂಲಗಳಿವೆ ಎಂದು ಪತ್ರಿಕೆಯಲ್ಲಿ ಓದಿದಿರಿ. ಅಡಿಟಿಪ್ಪಣಿಯಲ್ಲಿ ಪತ್ರಿಕೆಯ ಹೆಸರು ಹಾಕಿ ಬಿಡಬೇಡಿ. ಅದು ಕೇಂದ್ರ ಜಲಶಕ್ತಿ ಸಚಿವಾಲಯ 2023ರಲ್ಲಿ ಪ್ರಕಟಿಸಿದ ಮೊದಲ ಜಲಮೂಲ ಗಣತಿಯ ಅಂಕಿ. ಆ ವರದಿಯನ್ನೇ ತೆರೆಯಿರಿ, ‘ಜಲಮೂಲ’ ಎಂದು ಏನನ್ನೆಲ್ಲ ಎಣಿಸಿದ್ದಾರೆ ನೋಡಿ. ಮೂಲ ಸಿಗಲೇ ಇಲ್ಲವೇ? ಆಗ ಓದಿದ ಪುಸ್ತಕವನ್ನೇ ಹೆಸರಿಸಿ, ‘ಇಂಥವರ ಕೃತಿಯಲ್ಲಿ ಉಲ್ಲೇಖಿತ’ ಎಂದು ಬರೆಯಿರಿ. ಓದದ ಪುಸ್ತಕವನ್ನು ಓದಿದಂತೆ ತೋರಿಸಬೇಡಿ.

ಹಳ್ಳಿಗೆ ಹೋಗಿ ಹಿರಿಯರನ್ನು ಮಾತಾಡಿಸಿದರೆ ಅವರೂ ಆಕರವೇ. ವಕ್ತೃವಿನ ಹೆಸರು, ಊರು, ಮಾತಾಡಿದ ದಿನಾಂಕ ದಾಖಲಿಸಿ. ಹೆಸರು ಹಾಕಬಹುದೇ ಅಂತ ಅವರನ್ನೇ ಕೇಳಿ, ಬೇಡ ಅಂದರೆ ಬೇಡ. ಎಲ್ಲರಿಗೂ ಗೊತ್ತಿರುವುದಕ್ಕೆ ಆಕರ ಬೇಕಿಲ್ಲ: ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತದೆ ಅನ್ನಲು ಅಡಿಟಿಪ್ಪಣಿ ಯಾಕೆ?

ಪಟ್ಟಿ ಮತ್ತು ಹೆಸರುಗಳ ತೊಡಕು

ಆಕರ ಬರೆಯುವುದಕ್ಕೆ ಎಪಿಎ, ಎಂಎಲ್‌ಎ ಅಂತ ಸಿದ್ಧ ಶೈಲಿಗಳಿವೆ, ಯಾವುದು ಬೇಕು ಅಂತ ಗೈಡ್ ಹತ್ತಿರ ಮೊದಲೇ ಕೇಳಿ, ಕೊನೆ ತನಕ ಒಂದನ್ನೇ ಪಾಲಿಸಿ. ಜೊಟೆರೊ ಅನ್ನುವ ಉಚಿತ ತಂತ್ರಾಂಶ ಆಕರಗಳ ಪಟ್ಟಿಯನ್ನು ತಾನೇ ಜೋಡಿಸಿಕೊಡುತ್ತದೆ. ಆದರೆ ಅದು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಕೇಳುತ್ತದೆ. ನಮ್ಮಲ್ಲಿ ಇನಿಷಿಯಲ್ ಅಂದರೆ ಊರು, ಅಪ್ಪನ ಹೆಸರು. ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಅಂಥ ಕಡೆ ಎರಡು ಖಾನೆಯನ್ನು ಒಂದಾಗಿಸುವ ಬಟನ್ ಒತ್ತಿ, ‘ನರಸಿಂಹಾಚಾರ್, ಡಿ. ಎಲ್.’ ಎಂಬಂತೆ ನೀವೇ ತುಂಬಿ. ಪುಸ್ತಕದಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಕಾಗುಣಿತ ಹಾಗೇ ಇರಲಿ.

ಪಟ್ಟಿಯನ್ನು ಎಐಗೆ ಬರೆಯಲು ಬಿಡಬೇಡಿ. ಇಲ್ಲದ ಪುಸ್ತಕ, ಇಲ್ಲದ ಪುಟವನ್ನು ಅದು ಇರುವ ಹಾಗೇ ಕೊಡುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಜಿಪಿಟಿ ಕಟ್ಟಿಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು.

ಎಲ್ಲ ಆದ ಮೇಲೆ ಹೋಲಿಕೆ ವರದಿ ತೆಗೆಸಿ. ಅದರ ಮೇಲಿರುವ ಪರ್ಸೆಂಟ್ ನೋಡಿ ಮುಚ್ಚಿಡಬೇಡಿ, ಬಣ್ಣ ಬಳಿದಿರುವ ಪ್ರತಿ ಸಾಲನ್ನೂ ಓದಿ. ಆಕರ ಕೊಟ್ಟ ಉದ್ಧರಣ, ಗ್ರಂಥಸೂಚಿ, ಕಾಯ್ದೆಗಳ ಪಠ್ಯ ಯುಜಿಸಿ ಲೆಕ್ಕಕ್ಕೆ ಬರುವುದಿಲ್ಲ, ಅವನ್ನು ಬಿಟ್ಟು ತೆಗೆಯಲು ಲೈಬ್ರರಿಯವರಿಗೆ ಹೇಳಿ. ಆಮೇಲೂ ಬಣ್ಣ ಉಳಿದಿರುವ ಸಾಲು ಸಿಕ್ಕರೆ ನೋಟ್ಸ್ ತೆರೆದು ಅದರ ಪಕ್ಕ ‘ಉ’ ಇದೆಯೋ ‘ಸಾ’ ಇದೆಯೋ ನೋಡಿ. ‘ಉ’ ಇದ್ದರೆ ಉದ್ಧರಣ ಚಿಹ್ನೆ ಮತ್ತು ಪುಟ ಹಾಕಿ, ‘ಸಾ’ ಇದ್ದರೆ ಪುಸ್ತಕ ಮುಚ್ಚಿಟ್ಟು ಮತ್ತೆ ಬರೆಯಿರಿ.