ಕಡ್ಡಿಪೆಟ್ಟಿಗೆಯ ಮನೆ, ಪರೀಕ್ಷೆ ಪ್ಯಾಡಿನ ಭೂಕಂಪ

2021 ಮತ್ತು 2022ರಲ್ಲಿ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮೇಲಿಂದ ಮೇಲೆ ನೆಲ ನಡುಗಿತಲ್ಲ, ಆಗ ನನ್ನ ಮಗಳಿಗೆ ಎಂಟು ವರ್ಷ. ಒಂದು ರಾತ್ರಿ ಅಡುಗೆಮನೆಯ ಪಾತ್ರೆಗಳು ಗಲಗಲ ಅಂದವು. ಎಲ್ಲರೂ ಅಂಗಳಕ್ಕೆ ಓಡಿ ಬಂದೆವು. "ಪಪ್ಪಾ, ನಮ್ಮ ಮನಿ ಬೀಳ್ತದೇನು?" ಅಂದಳು. "ಇಲ್ಲವ್ವಾ" ಅಂದೆ. "ಯಾಕ ಬೀಳಂಗಿಲ್ಲ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕಲು ನಾವಿಬ್ಬರೂ ಮೇಜಿನ ಮೇಲೆ ಸಣ್ಣ ಸಣ್ಣ ಮನೆ ಕಟ್ಟಿ ಬೀಳಿಸಲು ಶುರುಮಾಡಿದೆವು. ಈಗ ರಜೆ ಬಂತೆಂದರೆ ಓಣಿಯ ಮಕ್ಕಳೂ ಸೇರಿಕೊಳ್ಳುತ್ತಾರೆ. ಬೇಕಾಗುವ ಸಾಮಾನು ಬಹುತೇಕ ಮನೆಯಲ್ಲೇ ಇರುತ್ತದೆ. ನೀವೂ ಮಾಡಿಸಿ ನೋಡಿ.

ಮೊದಲು ಭೂಕಂಪ ತಯಾರಿಸಬೇಕು. ಪರೀಕ್ಷೆಗೆ ಒಯ್ಯುವ ಪ್ಯಾಡು ಎರಡು ತೆಗೆದುಕೊಳ್ಳಿ. ನಡುವೆ ಒಂದೇ ಅಳತೆಯ ಆರು ಗೋಲಿಗಳನ್ನು ಇಡಿ. ಮೂರು ನಾಲ್ಕು ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿ, ಎರಡೂ ಪ್ಯಾಡುಗಳನ್ನು ಸುತ್ತಿ, ಆ ತುದಿಗೊಂದು ಈ ತುದಿಗೊಂದು ಹಾಕಿ. ಜಾಸ್ತಿ ಬಿಗಿ ಬೇಡ, ಗೋಲಿ ಉರುಳಬೇಕು. ಕೆಳಗಿನ ಪ್ಯಾಡಿನ ಕ್ಲಿಪ್ಪು ಮೇಜಿನ ಅಂಚಿನಿಂದ ಆಚೆ ಇರಲಿ, ಇಲ್ಲದಿದ್ದರೆ ಪ್ಯಾಡು ಸಮನಾಗಿ ಕೂರುವುದಿಲ್ಲ. ಒಬ್ಬರು ಕೆಳಗಿನದನ್ನು ಒತ್ತಿ ಹಿಡಿಯಲಿ. ಇನ್ನೊಬ್ಬರು ಮೇಲಿನದನ್ನು ಪಕ್ಕಕ್ಕೆ ಎಳೆದು ಬಿಡಲಿ. ಗಡಗಡ ಅಂತ ಅಲ್ಲಾಡುತ್ತದೆ. ಪಕ್ಕದಲ್ಲಿ ಒಂದು ಸ್ಕೇಲು ಅಂಟಿಸಿ. 2 ಸೆಂ.ಮೀ. ಎಳೆದರೆ ಸಣ್ಣ ಭೂಕಂಪ, 4 ಸೆಂ.ಮೀ. ಎಳೆದರೆ ದೊಡ್ಡದು. ಹೀಗೆ ಅಳೆದು ಎಳೆದರೆ ಮಾತ್ರ ಎರಡು ಮನೆಗಳನ್ನು ಹೋಲಿಸಲು ಬರುತ್ತದೆ.

ಈಗ ಮನೆ. ಖಾಲಿ ಕಡ್ಡಿಪೆಟ್ಟಿಗೆಗಳನ್ನು ಕಲ್ಲಿನಂತೆ ಜೋಡಿಸಿ ನಾಲ್ಕು ಗೋಡೆ ಏರಿಸಲಿ. ಒಂದರ ಸಂದಿಯ ಮೇಲೆ ಇನ್ನೊಂದು ಕೂರಬೇಕು, ಥೇಟ್ ಗೌಂಡಿ ಕಟ್ಟಿದ ಹಾಗೆ. ಬಾಗಿಲಿಗೆ ಜಾಗ ಬಿಡಲಿ. ಗೋಂದು ಬೇಡ. ಮೇಲೆ ಒಂದು ರಟ್ಟು, ರಟ್ಟಿನ ಮೇಲೆ 100 ಗ್ರಾಂ ಜೋಳದ ಚೀಲ. ಇದು ನಮ್ಮ ಹಳ್ಳಿಗಳ ಹಳೇ ಮನೆ: ಕಲ್ಲು-ಮಣ್ಣಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ.

ಎಳೆದು ಬಿಡುವ ಮೊದಲು ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ಹಿಡಿಯಿರಿ. ಬೀಳುವ ಮನೆಗೆ ಕೈ ಅಡ್ಡ ಕೊಡಬೇಡಿ. ಬಿದ್ದ ಮೇಲೆ ವಿಡಿಯೋ ನೋಡಿ, ಯಾವುದು ಮೊದಲು ಹೋಯಿತು ಅಂತ ಕೇಳಿ. ನಮ್ಮ ಮನೆಯಲ್ಲಿ ಮೊದಲು ಮೂಲೆ ಬಾಯಿ ಬಿಟ್ಟಿತು. ಎರಡು ಗೋಡೆಗಳು ಒಂದನ್ನೊಂದು ಬಿಟ್ಟು ದೂರ ಸರಿದವು. ಒಂದು ಹೊರಕ್ಕೆ ಒರಗಿತು. ಆಮೇಲೆ ಮಾಳಿಗೆ ಧಪ್ ಅಂತ ಒಳಗೆ ಕೂತಿತು. ಮಗಳು ಅದನ್ನು ಐದಾರು ಸಲ ನೋಡಿದಳು.

ಪಕ್ಕದಲ್ಲಿ ಕೂತಿದ್ದ ಅವಳ ಆಯಿ ಕಿಲ್ಲಾರಿಯ ಮಾತು ತೆಗೆದರು. 1993ರ ಸೆಪ್ಟೆಂಬರ್ 30. ಜನ ಗಣಪತಿ ಕಳಿಸಿ ಬಂದು ಮಲಗಿದ್ದ ರಾತ್ರಿ, ಬೆಳಗಿನ ಜಾವ ನಾಲ್ಕರ ಹೊತ್ತು. ಲಾತೂರ್ ಕಡೆಯ ಆ ಭೂಕಂಪದಲ್ಲಿ ಸುಮಾರು 10 ಸಾವಿರ ಜನ ಸತ್ತರು. ಅದರ ತೀವ್ರತೆ 6.2. ಅಷ್ಟು ಜನ ಹೋಗಲು ಮುಖ್ಯ ಕಾರಣ ಅಲ್ಲಿನ ಮನೆಗಳು. ಗೋಡೆ ದಪ್ಪವೇ ಇದ್ದವು. ಆದರೆ ಮಣ್ಣಿನಲ್ಲಿ ಕಟ್ಟಿದ ಗೋಡೆ, ಒಳಗಿನ ಸಾಲಿಗೂ ಹೊರಗಿನ ಸಾಲಿಗೂ ಹಿಡಿತ ಇರಲಿಲ್ಲ. ಮೇಲೆ ಮಾಳಿಗೆಯ ಮಣ್ಣಿನ ಭಾರ. ಕಡ್ಡಿಪೆಟ್ಟಿಗೆಯ ಮನೆ ಬಿದ್ದ ಬಗೆಯೂ ಅದೇ.

ಮನೆಯನ್ನು ನಾವು ಭಾರ ಹೊರಲಿಕ್ಕೆ ಕಟ್ಟುತ್ತೇವೆ. ಭಾರ ಯಾವಾಗಲೂ ಕೆಳಕ್ಕೆ ಒತ್ತುತ್ತದೆ. ಭೂಕಂಪ ಬಂದು ಅದೇ ಮನೆಯನ್ನು ಅಡ್ಡಡ್ಡ ಜಗ್ಗುತ್ತದೆ. ಇದೊಂದು ಮಾತು ಮಗುವಿಗೆ ಹೊಳೆದರೆ ಉಳಿದದ್ದೆಲ್ಲ ಸಲೀಸು.

ಅದೇ ಮನೆ ಮತ್ತೆ ಕಟ್ಟಲಿ. ಈ ಸಲ ಬಾಗಿಲಿನ ತಲೆಯ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತಿ ಒಂದು ದಾರ ಬಿಗಿಯಿರಿ. ಮಾಳಿಗೆಯ ಕೆಳಗೆ ಇನ್ನೊಂದು. ಅಷ್ಟೇ ಎಳೆದು ಬಿಡಿ. ಗೋಡೆ ಓಲಾಡುತ್ತದೆ, ಒಂದೆರಡು ಪೆಟ್ಟಿಗೆ ಜಾರುತ್ತವೆ, ಆದರೆ ಮೂಲೆ ಬಿಚ್ಚಿಕೊಳ್ಳುವುದಿಲ್ಲ. ನಿಜವಾದ ಮನೆಯಲ್ಲಿ ಈ ದಾರದ ಕೆಲಸ ಮಾಡುವುದು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ. ಗೌಂಡಿಗಳು ಅದಕ್ಕೆ ಬೆಲ್ಟ್ ಅನ್ನುತ್ತಾರೆ. ಬಾಗಿಲ ಮೇಲಷ್ಟೇ ತುಂಡು ಲಿಂಟಲ್ ಹಾಕಿ ಸುಮ್ಮನಾದರೆ ಸಾಲದು, ಮನೆ ಸುತ್ತಿ ಬರಬೇಕು. ದಾರವನ್ನು ಬಾಗಿಲ ಮೇಲೆ ಮಾತ್ರ ಅಂಟಿಸಿ ನೋಡಿ, ಗೊತ್ತಾಗುತ್ತದೆ.

ಮುಂದಿನದು ಚೌಕಟ್ಟು. ಇದಕ್ಕೆ ಜೋಳದ ಕಣಿಕೆಗಿಂತ ಒಳ್ಳೆಯ ಸಾಮಾನು ಬೇರೆ ಬೇಕಿಲ್ಲ. ಚಿಕ್ಕವರಿದ್ದಾಗ ಇದರಲ್ಲೇ ಬಂಡಿ, ಚಷ್ಮಾ ಮಾಡಿದ್ದೆವು, ಅಲ್ವಾ? ಒಳಗಿನ ಬೆಂಡು ತುಂಡು ಮಾಡಿದರೆ ಜೋಡಣೆಯ ಗಂಟು, ಮೇಲಿನ ಗಟ್ಟಿ ಸಿಪ್ಪೆ ಸೀಳಿದರೆ ಕಂಬ, ತೊಲೆ. ಸೀಳುವುದನ್ನು ನೀವೇ ಮಾಡಿ, ಅಂಚು ಬ್ಲೇಡಿನಂತೆ ಕೈ ಕೊಯ್ಯುತ್ತದೆ. ಕಣಿಕೆ ಸಿಗದಿದ್ದರೆ ಪೊರಕೆ ಕಡ್ಡಿ, ನಾದಿದ ಹಿಟ್ಟಿನ ಉಂಡೆ ಸಾಕು.

ನಾಲ್ಕು ಕಡ್ಡಿಯ ಒಂದು ಚೌಕ ಮಾಡಿ ಮಗುವಿನ ಕೈಗೆ ಕೊಡಿ. ಮೂಲೆ ಒತ್ತಿದರೆ ಶಂಕರಪೋಳೆ ಆಕಾರಕ್ಕೆ ತಿರುಗುತ್ತದೆ. ಮೂರು ಕಡ್ಡಿಯ ತ್ರಿಕೋನ ಕೊಡಿ. ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ, ಕಡ್ಡಿಯೇ ಮುರಿಯಬೇಕು. ಈಗ ಚೌಕದ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಹಾಕಿಸಿ. ಎರಡು ತ್ರಿಕೋನ ಆಯಿತು, ಗಟ್ಟಿಯಾಯಿತು.

ಇದೇ ರೀತಿ ಮೂರು ಅಂತಸ್ತು ಕಟ್ಟಿ, ಎಲ್ಲ ಕಡೆ ಓರೆ ಕಡ್ಡಿ ಹಾಕಿ ಅಲ್ಲಾಡಿಸಿ. ನಿಲ್ಲುತ್ತದೆ. ಆಮೇಲೆ ಕೆಳಗಿನ ಅಂತಸ್ತಿನ ಓರೆ ಕಡ್ಡಿಗಳನ್ನು ಮಾತ್ರ ತೆಗೆಯಿರಿ. ಮೇಲಿನ ಎರಡು ಅಂತಸ್ತು ಹಾಗೇ ಇರುತ್ತವೆ, ಕೆಳಗಿನದು ಮಂಡಿ ಮಡಚಿ ಕೂರುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ದೂರದ ಅಹಮದಾಬಾದಿನ ಎಷ್ಟೋ ಅಪಾರ್ಟ್‌ಮೆಂಟುಗಳು ಬಿದ್ದದ್ದು ಹೀಗೇ. ಕೆಳಗೆ ಪಾರ್ಕಿಂಗಿಗೆ ಅಂತ ಬರೀ ಕಂಬ, ಗೋಡೆಗಳೆಲ್ಲ ಮೇಲೆ. ನಮ್ಮ ಊರಲ್ಲೂ ಈಗ ಅಂಥವೇ ಏಳುತ್ತಿವೆ. ಅದಕ್ಕೇ ಈ ಒಂದು ಪ್ರಯೋಗವನ್ನು ಮಾತ್ರ ಬಿಡಬೇಡಿ.

ಹೊತ್ತಿದ್ದರೆ ಇನ್ನೊಂದು. 15, 25, 35 ಸೆಂ.ಮೀ. ಉದ್ದದ ಮೂರು ಪೊರಕೆ ಕಡ್ಡಿ. ಪ್ರತಿಯೊಂದರ ತಲೆಗೆ ಒಂದೇ ತೂಕದ ಹಿಟ್ಟಿನ ಉಂಡೆ. ಮೂರನ್ನೂ ಆಲೂಗಡ್ಡೆಗೆ ಚುಚ್ಚಿ ಪ್ಯಾಡಿನ ಮೇಲೆ ಕೂರಿಸಿ, ಕೈಯಿಂದ ನಿಧಾನಕ್ಕೆ ಆಚೀಚೆ ಮಾಡಿ. ಉದ್ದದ್ದು ಕುಣಿಯುತ್ತದೆ, ಗಿಡ್ಡನದು ಸುಮ್ನೆ ನಿಂತಿರುತ್ತದೆ. ಜೋರು ಮಾಡಿದರೆ ಗಿಡ್ಡನದರ ಸರದಿ. ಒಂದೊಂದು ಎತ್ತರಕ್ಕೆ ಒಂದೊಂದು ತಾಳ. 1985ರಲ್ಲಿ ಮೆಕ್ಸಿಕೋ ನಗರದಲ್ಲಿ ನೆಲದ ತಾಳಕ್ಕೆ ಮಧ್ಯಮ ಎತ್ತರದ ಕಟ್ಟಡಗಳ ತಾಳ ಕೂಡಿಬಂತು. ಜಾಸ್ತಿ ಬಿದ್ದದ್ದು ಅವೇ.

ಒಂದು ಕಟ್ಟುನಿಟ್ಟು ಮಾಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ದಾರವನ್ನೂ ಹಾಕಿ, ಜೋಳವನ್ನೂ ಕಡಿಮೆ ಮಾಡಿದರೆ, ಮನೆ ಉಳಿದದ್ದು ಯಾವುದರಿಂದ ಅಂತ ಹೇಳಲು ಬರುವುದಿಲ್ಲ. ಪ್ರತಿಯೊಂದನ್ನೂ ಮೂರು ಸಲ ಅಲ್ಲಾಡಿಸಿ, ನೋಟ್‌ಬುಕ್ಕಿನಲ್ಲಿ ಬರೆಯಲಿ. ಎಷ್ಟು ಎಳೆದದ್ದು, ಏನು ಮೊದಲು ಬಿಚ್ಚಿತು, ಮುಂದಿನ ಸಲ ಏನು ಬದಲಿಸುವುದು. ಇಂಜಿನಿಯರಿಂಗ್ ಶುರುವಾಗುವುದು ಆ ಮೂರನೇ ಸಾಲಿನಲ್ಲಿ. ಅದನ್ನು ನೀವು ಹೇಳಿಕೊಡಬೇಡಿ, ಎಷ್ಟೇ ಬಾಯಿಗೆ ಬಂದರೂ.

ಹೋದ ದೀಪಾವಳಿಗೆ ಇಂಡಿಯಲ್ಲಿ ನನ್ನ ತಂಗಿಯ ಹೊಸ ಮನೆ ಏಳುತ್ತಿತ್ತು. ಗೋಡೆ ಬಾಗಿಲಿನ ಎತ್ತರಕ್ಕೆ ಬಂದಿತ್ತು. ಮಗಳು ಒಂದು ಸುತ್ತು ಹಾಕಿ ಬಂದು ಗೌಂಡಿಯ ಮುಂದೆ ನಿಂತಳು. "ಕಾಕಾ, ಬೆಲ್ಟ್ ಬಾಗಿಲ ಮ್ಯಾಲಷ್ಟೇ ಹಾಕ್ತೀರೋ, ಪೂರಾ ಸುತ್ತಿಸ್ತೀರೋ?" ಅವರು ಕರಣಿ ಕೆಳಗಿಟ್ಟು, ಅವಳನ್ನು ಮೂಲೆಗೆ ಕರೆದುಕೊಂಡು ಹೋಗಿ, ಸರಳು ಎಲ್ಲಿ ಬಾಗಿ ಪಕ್ಕದ ಗೋಡೆಗೆ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಿದರು.