ತಡವಾಗಿ ತಲುಪಿ ಕೆಟ್ಟ ಸರಕಿಗೆ ಸಾಗಣೆದಾರರಿಂದ ಪರಿಹಾರ ಕೇಳುವುದು ಹೇಗೆ

ಹಣ್ಣು, ಹೂವು, ಮೀನು, ಔಷಧಿಗಳಂಥ ಸರಕು ದಾರಿಯಲ್ಲಿ ತಡವಾದ ಕಾರಣಕ್ಕೆ ಕೆಟ್ಟುಹೋದಾಗ, ಆ ನಷ್ಟವನ್ನು ವಿಳಂಬ ಎಂದೂ ಕರೆಯಬಹುದು, ಸರಕಿನ ಹಾನಿ ಎಂದೂ ಕರೆಯಬಹುದು. ಇವೆರಡಕ್ಕೂ ಕಾನೂನು ಬೇರೆ ಬೇರೆ ಗಡುವನ್ನೂ ಪರಿಹಾರದ ಮಿತಿಯನ್ನೂ ಇಟ್ಟಿದೆ. ಆದ್ದರಿಂದ ಸಾಗಣೆದಾರರಿಗೆ ಬರೆಯುವ ಮೊದಲ ಪತ್ರದಲ್ಲಿಯೇ ಎರಡನ್ನೂ ನಮೂದಿಸಬೇಕು.

ಅಂತರರಾಷ್ಟ್ರೀಯ ವಿಮಾನ ಸಾಗಣೆಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಡಂಬಡಿಕೆಯ ಪ್ರಕಾರ, ಹಾನಿಯಾದ ಸರಕಿನ ಬಗ್ಗೆ ಅದನ್ನು ಪಡೆದ 14 ದಿನಗಳೊಳಗೆ, ವಿಳಂಬದ ಬಗ್ಗೆ ಸರಕು ಕೈಗೆ ಸಿಗುವಂತಾದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಕೊಡದಿದ್ದರೆ, ಸಾಗಣೆದಾರರು ವಂಚಿಸಿದ ಸಂದರ್ಭದ ಹೊರತು, ದಾವೆ ಹೂಡುವ ಹಕ್ಕೇ ಉಳಿಯುವುದಿಲ್ಲ. 21 ದಿನಗಳಿವೆ ಎಂದು ನಂಬಿ ಕಾಯುವುದು ಅಪಾಯಕರ, ಏಕೆಂದರೆ ಕೊಳೆತ ಸರಕನ್ನು ನ್ಯಾಯಾಲಯ ಹಾನಿಯೆಂದು ಪರಿಗಣಿಸಿದರೆ ಆ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಅಂತರರಾಷ್ಟ್ರೀಯ ರಸ್ತೆ ಸಾಗಣೆಯ 1956ರ ಸಿಎಂಆರ್ ಒಡಂಬಡಿಕೆಯಲ್ಲಿ ಮೊತ್ತದ ಅಂತರವೇ ದೊಡ್ಡದು. ಬರಿಯ ವಿಳಂಬಕ್ಕೆ ಸಿಗುವ ಪರಿಹಾರ ಸಾಗಣೆಯ ಬಾಡಿಗೆಯನ್ನು ಮೀರುವಂತಿಲ್ಲ. ಹಾನಿಯ ಪರಿಹಾರವನ್ನಾದರೋ ಸರಕಿನ ಮೌಲ್ಯದ ಮೇಲೆ, ತೂಕಕ್ಕೆ ತಕ್ಕ ಮಿತಿಯೊಳಗೆ ಲೆಕ್ಕ ಹಾಕಲಾಗುತ್ತದೆ. ತಲುಪಬೇಕಾದ ದಿನವನ್ನು ಒಪ್ಪಂದದಲ್ಲಿ ಗೊತ್ತುಪಡಿಸಿರದಿದ್ದರೆ, ಜಾಗರೂಕ ಸಾಗಣೆದಾರರೊಬ್ಬರಿಗೆ ಅದೇ ಸಂದರ್ಭದಲ್ಲಿ ಹಿಡಿಯಬಹುದಾದ ಸಮಯವೇ ಅಳತೆಗೋಲು. ಇದನ್ನು ಆಮೇಲೆ ಸಾಬೀತುಪಡಿಸುವುದು ಪ್ರಯಾಸದ ಕೆಲಸ. ದಿನವನ್ನೂ ತಾಪಮಾನವನ್ನೂ ಸಾಗಣೆ ಪತ್ರದಲ್ಲಿ ಮೊದಲೇ ಬರೆಸಿಕೊಳ್ಳುವುದು ಎಷ್ಟೋ ಸುಲಭ.

ಸರಕು ಸ್ವಭಾವತಃ ಬೇಗ ಕೆಡುವಂಥದ್ದು ಎಂಬುದೇ ಸಾಗಣೆದಾರರ ಸಾಮಾನ್ಯ ಉತ್ತರವಾಗಿರುತ್ತದೆ. ಇದನ್ನು ಕೇಳಿ ಅನೇಕರು ಸುಮ್ಮನಾಗಿಬಿಡುತ್ತಾರೆ, ಆದರೆ ಸುಮ್ಮನಾಗಬೇಕಾಗಿಲ್ಲ. ಶೀತಲೀಕರಣವುಳ್ಳ ವಾಹನದಲ್ಲಿ ಸಾಗಿಸಿದ ಸರಕಿನ ವಿಷಯದಲ್ಲಿ ಸಾಗಣೆದಾರರು ಈ ವಾದವನ್ನು ಮುಂದಿಡಬೇಕಾದರೆ, ಉಪಕರಣದ ಆಯ್ಕೆ, ನಿರ್ವಹಣೆ ಮತ್ತು ಬಳಕೆಯಲ್ಲಿ ತಮ್ಮ ಪಾಲಿನ ಎಲ್ಲ ಕ್ರಮಗಳನ್ನೂ ಕೈಗೊಂಡು, ಕೊಟ್ಟ ವಿಶೇಷ ಸೂಚನೆಗಳನ್ನು ಪಾಲಿಸಿದ್ದಾಗಿ ತಾವೇ ರುಜುವಾತುಪಡಿಸಬೇಕೆಂದು ಸಿಎಂಆರ್ ಹೇಳುತ್ತದೆ. ಹಾಗಾಗಿ ತಾಪಮಾನ ದಾಖಲಿಸುವ ಉಪಕರಣದ ಪೂರ್ಣ ವರದಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಸರಕು ಕೈಸೇರಿದ ಕೂಡಲೇ, ಸಹಿ ಹಾಕುವ ಮೊದಲು, ಕಂಡ ದೋಷವನ್ನು ರಸೀದಿಯ ಮೇಲೆಯೇ ಬರೆಯಿರಿ. ದಿನಾಂಕ ಕಾಣುವ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಸಾಗಣೆದಾರರನ್ನೂ ಕರೆಸಿ ಸ್ವತಂತ್ರ ಪರಿಶೀಲಕರಿಂದ ತಪಾಸಣೆ ಮಾಡಿಸಿರಿ. ಲೋಡ್ ಮಾಡುವಾಗ ಸರಕು ಚೆನ್ನಾಗಿತ್ತು ಎಂಬುದಕ್ಕೆ ದಾಖಲೆ ಇರಲೇಬೇಕು, ಅದಿಲ್ಲದೆ ಉಳಿದ ಸಾಕ್ಷ್ಯಗಳ ಬಲ ಕುಗ್ಗುತ್ತದೆ. ಇನ್ನೂ ಬಳಸಬಹುದಾದ ಭಾಗವನ್ನು ಬೇರ್ಪಡಿಸಿ, ಸಿಕ್ಕ ಬೆಲೆಗೆ ಮಾರಿ ಲೆಕ್ಕ ಇಡಿ. ತಡೆಯಬಹುದಾಗಿದ್ದ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ.

ದಾವೆ ಹೂಡಲು ಸಿಎಂಆರ್ ಸಾಮಾನ್ಯವಾಗಿ 1 ವರ್ಷದ, ಮಾಂಟ್ರಿಯಲ್ ಒಡಂಬಡಿಕೆ 2 ವರ್ಷಗಳ ಅವಧಿ ಕೊಡುತ್ತವೆ. ದೇಶದೊಳಗಿನ ಸಾಗಣೆಗೆ ಆಯಾ ದೇಶದ ಕಾನೂನಿನ ಗಡುವುಗಳೇ ಅನ್ವಯಿಸುವುದರಿಂದ, ಅವುಗಳನ್ನು ಸರಕು ಕಳುಹಿಸುವ ಮೊದಲೇ ತಿಳಿದುಕೊಂಡಿರಬೇಕು.