ವಾರ ಕಳೆದ ಮೇಲೆ ನೀವೇ ಫೋನ್ ಮಾಡಿ

ರೋಗಿಯ ಮಾತಿಗೆ ಬೆಲೆ ಕೊಡುವುದು ಹುಟ್ಟುಗುಣ, ಅದನ್ನು ವೈದ್ಯರಿಗೆ ಕಲಿಸಲಾಗದು ಎಂದು ಜೊತೆಯವರೆಲ್ಲ ಹೇಳುತ್ತಿದ್ದರು. ಕಾಸರಗೋಡಿನ ಉತ್ತರ ಭಾಗದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಆರು ಮಂದಿ ವೈದ್ಯರಲ್ಲಿ ಐವರ ರೀತಿ ಬದಲಾಗಿದೆ. ಅದಕ್ಕೆ ಮೂರು ವರ್ಷ ಹಿಡಿಯಿತು, ದುಡ್ಡೂ ಕೈಬಿಟ್ಟಿತು.

ಮೊದಲು ತರಬೇತಿ ಇಟ್ಟೆವು. ಮಂಗಳೂರಿನಿಂದ ಒಬ್ಬರನ್ನು ಕರೆಸಿದ್ದಕ್ಕೆ ಊಟ, ಕಾರಿನ ಬಾಡಿಗೆ ಎಲ್ಲ ಸೇರಿ ಸುಮಾರು 40 ಸಾವಿರ ಆಯಿತು. ವೈದ್ಯರ ಧೋರಣೆ ಅಳೆಯುವ 18 ಪ್ರಶ್ನೆಗಳ ಪಟ್ಟಿಯನ್ನು ಎಲ್ಲರೂ ತುಂಬಿದರು, ಎಲ್ಲರಿಗೂ ಒಳ್ಳೆಯ ಅಂಕ ಬಂತು. ಮರುದಿನ ಹೊರರೋಗಿ ವಿಭಾಗದಲ್ಲಿ ರೋಗಿ ಕುಳಿತುಕೊಳ್ಳುವಷ್ಟರಲ್ಲಿ ಚೀಟಿ ಅರ್ಧ ಬರೆದಾಗಿತ್ತು. ಆಮೇಲೆ ಒಬ್ಬೊಬ್ಬರಿಗೆ ಹತ್ತು ನಿಮಿಷ ಎಂದು ಗೊತ್ತು ಮಾಡಿದೆವು. ದಿನಕ್ಕೆ 60 ಇದ್ದ ನನ್ನ ರೋಗಿಗಳು 35ಕ್ಕೆ ಇಳಿದರು. ಎರಡು ತಿಂಗಳಲ್ಲಿ ಲಕ್ಷದ ಮೇಲೆ ಖೋತಾ ಬಿದ್ದಾಗ ಆಡಳಿತದವರು ನಿಲ್ಲಿಸಿ ಎಂದರು.

ಕೊನೆಗೆ ಹಿಡಿದ ದಾರಿ ಇದು: ಪ್ರತಿ ವೈದ್ಯರೂ ವಾರದ ಹಿಂದೆ ನೋಡಿದ ಐದು ರೋಗಿಗಳಿಗೆ ತಾವೇ ಫೋನ್ ಮಾಡಿ, ಮಾತ್ರೆಯನ್ನು ಯಾವಾಗ, ಹೇಗೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಬೇಕು. ತಿದ್ದಬಾರದು, ಗದರಬಾರದು, ಹೇಳಿದ್ದನ್ನು ಬರೆದುಕೊಳ್ಳಬೇಕು. ಇದನ್ನು ನರ್ಸ್‌ಗೆ ವಹಿಸಿ ನೋಡಿದೆವು, ಏನೂ ಆಗಲಿಲ್ಲ. ರೋಗಿಯ ಮಾತು ವೈದ್ಯರ ಕಿವಿಗೇ ಬೀಳಬೇಕು.

ನನ್ನ ಕಣ್ಣು ತೆರೆಸಿದವರು ಒಬ್ಬ ಅಜ್ಜಿ. ಸಕ್ಕರೆ ಇಳಿಯುತ್ತಿಲ್ಲವೆಂದು ಗ್ಲಿಮೆಪಿರೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆಯನ್ನು 1 ಮಿಲಿಗ್ರಾಂನಿಂದ 2ಕ್ಕೆ ಏರಿಸಿದ್ದೆ. ಫೋನಿನಲ್ಲಿ ಅವರೆಂದರು: “ಡಾಕ್ಟರೇ, ಏಳು ಗಂಟೆಗೆ ಮಾತ್ರೆ ನುಂಗಿ ತೋಟಕ್ಕೆ ಹೋಗುತ್ತೇನೆ. ಅಡಿಕೆ ಹೆಕ್ಕುವಾಗ ಕೈ ನಡುಗಿ ಬೆವರುತ್ತದೆ. ಹಾಗಾಗಿ ಎರಡು ದಿನಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುತ್ತೇನೆ.” ತಿಂಡಿಗೆ ಮೊದಲು ಎಂದು ನಾನು ಬರೆದಿದ್ದೆ. ಆ ಮನೆಯಲ್ಲಿ ತಿಂಡಿಯೇ ಇಲ್ಲ, ಹನ್ನೊಂದಕ್ಕೆ ಕುಚ್ಚಲಕ್ಕಿ ಗಂಜಿ. ಸಕ್ಕರೆ ಕುಸಿಯುತ್ತಿದ್ದುದರಿಂದ ಅವರು ಮಾತ್ರೆ ಬಿಟ್ಟರು, ಬಿಟ್ಟದ್ದರಿಂದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಏರಿತು, ಏರಿತೆಂದು ನಾನು ಇನ್ನಷ್ಟು ಕೊಟ್ಟೆ. ಮಾತ್ರೆಯನ್ನು 1ಕ್ಕೇ ಇಳಿಸಿ ಗಂಜಿಯ ಹೊತ್ತಿಗೆ ಬದಲಿಸಿದೆ. ಮೂರು ತಿಂಗಳಲ್ಲಿ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಒಂಬತ್ತರ ಮೇಲಿದ್ದದ್ದು ಏಳೂವರೆಯ ಹತ್ತಿರ ಬಂತು.

ಇಂಥ ಒಂದೊಂದು ಫೋನ್ ಪ್ರತಿ ವೈದ್ಯರಿಗೂ ಎದುರಾಯಿತು. ಭಾಷಣದಿಂದ ಬಗ್ಗದವರು ತಮ್ಮದೇ ಚೀಟಿ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿಸಿಕೊಂಡು ಬಗ್ಗಿದರು. ಕರೆಯ ಮೊದಲ ವಾಕ್ಯ ಹೇಗಿರಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ತಿದ್ದಿ ಹದಕ್ಕೆ ತಂದದ್ದು ಅದು. ನನ್ನ ಪಕ್ಕ ಅರ್ಧ ದಿನ ಕುಳಿತವರಿಗೆ ಕೇಳಿಸುತ್ತದೆ.

ನಡುವೆ ಒಂದು ಬೇರೆ ಪ್ರಯೋಗವೂ ನಡೆಯಿತು. ತೆಂಕಣ ಕೇರಳದಿಂದ ಬಂದ ಕಿರಿಯ ವೈದ್ಯರೊಬ್ಬರಿಗೆ ರೋಗಿಯೊಬ್ಬರು “ಸಂಕಟ ಆಗುತ್ತದೆ” ಎಂದಿದ್ದರು. ಮಲಯಾಳದಲ್ಲಿ ಸಂಕಟ ಎಂದರೆ ದುಃಖ. ಎದೆಯ ಸಂಕಟ ಅವರಿಗೆ ಮನಸ್ಸಿನ ನೋವಾಗಿ ಕೇಳಿಸಿ ಇಸಿಜಿ ಅರ್ಧ ಗಂಟೆ ತಡವಾಯಿತು. ಅಂದಿನಿಂದ ಇಂಥ ಕನ್ನಡ, ತುಳು, ಬ್ಯಾರಿ ಮಾತುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಬಂದೆ. ಈಗ ನೂರರ ಹತ್ತಿರ ಇವೆ. ಹೊಸಬರು ಬಂದ ದಿನವೇ ಅದನ್ನು ಕೈಗೆ ಕೊಡುತ್ತೇನೆ.

ಫೋನ್ ಕರೆಗಳ ಖರ್ಚು ಎಂದರೆ ವೈದ್ಯರೊಬ್ಬರಿಗೆ ವಾರಕ್ಕೆ ಅರ್ಧ ಗಂಟೆ, ಅಷ್ಟೇ. ಸಣ್ಣಪುಟ್ಟದಕ್ಕೂ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಿದ್ದವರಲ್ಲಿ ಕಾಲುಭಾಗವಾದರೂ ಇಲ್ಲೇ ಉಳಿದಿದ್ದಾರೆ, ಹಿಂದಿನ ಖೋತಾ ಒಂದೂವರೆ ವರ್ಷದಲ್ಲಿ ತುಂಬಿತು. ಆಡಳಿತದವರು ಈಗ ತಾವಾಗಿಯೇ ಲೆಕ್ಕ ಕೇಳುತ್ತಾರೆ.

ಶುರು ಮಾಡುವವರು ರಂಜಾನ್‌ಗೆ ಒಂದು ತಿಂಗಳ ಮುಂಚೆ ಮಾಡಿ. ಉಪವಾಸಕ್ಕೆಂದು ಮಾತ್ರೆಯನ್ನು ತಾವೇ ಬಿಡುವವರು ಆಗ ಮೊದಲೇ ಸಿಗುತ್ತಾರೆ. ಅಡಿಕೆ ಕೊಯ್ಲಿನ ದಿನಗಳಲ್ಲಾದರೆ ಸಂಜೆ ಏಳರ ಮೇಲೆಯೇ ಕರೆ ಮಾಡಬೇಕು. ಅದಕ್ಕೆ ಮೊದಲು ಯಾರೂ ಫೋನ್ ಎತ್ತುವುದಿಲ್ಲ.